ಎರೆಭೂಮಿಯಲ್ಲಿ ಕಟ್ಟಿದ ಹೊಸ ಮನೆಯ ಅಂಗಳವೂ ಹಿತ್ತಲೂ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿಗೆ ಸೇರಿದ ತಾಂಬಾ ಗ್ರಾಮದಲ್ಲಿಯೂ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯ ಎರೆಹಳ್ಳಿಗಳಲ್ಲಿಯೂ ಹಳೆಯ ಊರಿನ ಇಕ್ಕಟ್ಟಾದ ಓಣಿಗಳನ್ನು ಬಿಟ್ಟು ಹೊಲಗಳ ಅಂಚಿನಲ್ಲಿ ಮನೆ ಕಟ್ಟಿಕೊಳ್ಳುವವರು ಉಂಟು. ಹಳೆಯ ಮಾಳಿಗೆಯ ಮನೆಗಳು ಒಂದಕ್ಕೊಂದು ಗೋಡೆ ತಾಗಿ ನಿಂತು ಒಂದರ ನೆರಳನ್ನು ಇನ್ನೊಂದಕ್ಕೆ ಕೊಡುತ್ತಿದ್ದುವು. ಹೊಸ ಮನೆಯಾದರೋ ನಾಲ್ಕು ಕಡೆಯೂ ಬಯಲಿನಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಚೈತ್ರ ವೈಶಾಖಗಳ ಬಿಸಿಲೂ ಆಷಾಢದ ಪಡುಗಾಳಿಯೂ ತಡೆಯಿಲ್ಲದೆ ಬಂದು ಗೋಡೆಗೆ ಬಡಿಯುತ್ತವೆ. ಸುತ್ತಲೂ ಇಟ್ಟಿಗೆಯ ಚೂರು, ಸಿಮೆಂಟಿನ ಪುಡಿ, ಪಾಯದಿಂದ ತೆಗೆದುಹಾಕಿದ ಮಣ್ಣಿನ ಗುಡ್ಡೆಗಳು ಇವುಗಳ ಹೊರತು ಬೇರೇನೂ ಇರುವುದಿಲ್ಲ. ಗೃಹಪ್ರವೇಶವಾದ ಮರುವಾರವೇ ಮನೆಯವರು ಸಸಿಗಳನ್ನು ತಂದು ಗೋಡೆಯ ಬುಡದಲ್ಲಿ ಸಾಲಾಗಿ ನೆಟ್ಟು ದಿನವೂ ಕೊಡಗಟ್ಟಲೆ ನೀರು ಸುರಿಯತೊಡಗುವುದು ಸಾಮಾನ್ಯ.

ಈ ಆತುರದಿಂದ ಎರಡು ಬಗೆಯ ನಷ್ಟವುಂಟು. ಮೊದಲನೆಯದು, ಮುಂದಿನ ಬೇಸಗೆಯೊಳಗಾಗಿ ಸಸಿಗಳಲ್ಲಿ ಬಹುಪಾಲು ಒಣಗುವುದು. ಇದು ಸಣ್ಣ ನಷ್ಟ. ಎರಡನೆಯದು, ಒಂದೆರಡು ವರ್ಷಗಳಲ್ಲಿ ಗೋಡೆಯೇ ಬಿರಿಯುವುದು. ಇದು ದೊಡ್ಡ ನಷ್ಟ. ಸಸಿಯ ಬೆಲೆ ಕೆಲವು ರೂಪಾಯಿ. ಗೋಡೆಯಲ್ಲಿ ಸೇರಿರುವುದು ಒಂದು ಕುಟುಂಬದ ಆಯುಷ್ಯದ ಉಳಿತಾಯವೂ ಎಷ್ಟೋ ವೇಳೆ ಸಾಲವೂ ಆಗಿರುತ್ತದೆ. ಹೂಗಿಡಕ್ಕೆ ಹಾಕಿದ ನೀರಿನಿಂದ ಮನೆ ಸೀಳುತ್ತದೆ ಎಂದರೆ ನಂಬುವವರು ಕಡಿಮೆ. ಆದಕಾರಣ ಮೊದಲು ಮಣ್ಣಿನ ಸ್ವಭಾವವನ್ನು ತಿಳಿದು, ಆಮೇಲೆ ಗಿಡದ ವಿಚಾರಕ್ಕೆ ಬರುವುದು ಯುಕ್ತ.

ಎರೆಮಣ್ಣು ಮತ್ತು ಗೋಡೆ

ದಖ್ಖಣದ ಕರಿಕಲ್ಲು ಯುಗಯುಗಾಂತರಗಳಲ್ಲಿ ಸವೆದು ಉಂಟಾದ ಈ ಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಆ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜಾತಿಯ ಖನಿಜವು ಪ್ರಧಾನವಾಗಿರುತ್ತದೆ. ಇದರ ಕಣವು ಪುಸ್ತಕದ ಹಾಳೆಗಳಂತೆ ಪದರಪದರವಾಗಿದ್ದು, ನೀರು ಬಿದ್ದಾಗ ಹಾಳೆಗಳ ನಡುವೆ ನೀರು ಸೇರಿ ಉಬ್ಬುತ್ತದೆ. ಒಣಗಿದಾಗ ಹಾಳೆಗಳು ಒಂದಕ್ಕೊಂದು ಕೂಡಿಕೊಂಡು ಕುಗ್ಗುತ್ತದೆ. ಜೋಳ ಕೊಯ್ದ ಹೊಲವು ಫಾಲ್ಗುಣದಲ್ಲಿ ಕೈ ಹಿಡಿಸುವಷ್ಟು ಅಗಲವಾಗಿ ಬಾಯಿ ಬಿಡುವುದನ್ನೂ, ಮುಂಗಾರಿನ ನಾಲ್ಕು ಹದಮಳೆಗಳಿಗೆ ಆ ಬಾಯಿ ಮುಚ್ಚಿಕೊಳ್ಳುವುದನ್ನೂ ಕಾಣದ ರೈತನಿಲ್ಲ. ಈ ಗುಣದಿಂದಲೇ ಎರೆಹೊಲವು ತನ್ನನ್ನು ತಾನೇ ಸಡಿಲಿಸಿಕೊಳ್ಳುತ್ತದೆ. ಹಿಂಗಾರಿನ ಹಸಿಯನ್ನು ಮಾಘದವರೆಗೂ ಹಿಡಿದಿಟ್ಟು ಜೋಳ, ಕಡಲೆ, ಕುಸುಬೆಗಳನ್ನು ಬೆಳೆಸುವುದೂ ಈ ಜೇಡಿಯೇ. ಹೊಲಕ್ಕೆ ಸದ್ಗುಣವಾದ ಇದೇ ಮನೆಗೆ ದುರ್ಗುಣವಾಗುತ್ತದೆ.

ಮನೆಯ ಸುತ್ತಲೂ ಇರುವ ಮಣ್ಣು ಎಲ್ಲ ಕಡೆಯೂ ಒಂದೇ ಸಮನಾಗಿ ನೆನೆದು ಒಂದೇ ಸಮನಾಗಿ ಒಣಗುತ್ತಿದ್ದರೆ ಅಪಾಯವು ಕಡಿಮೆ. ಕಟ್ಟಡವು ಇಡಿಯಾಗಿ ಕೂದಲೆಳೆಯಷ್ಟು ಏರಿ ಇಳಿಯುತ್ತದೆ. ಒಂದು ಮೂಲೆ ನೆನೆದು ಮತ್ತೊಂದು ಮೂಲೆ ಒಣಗಿದಾಗ ಮಾತ್ರ ನೆನೆದ ಮೂಲೆ ಮೇಲಕ್ಕೆ ಏಳುತ್ತದೆ, ಒಣಗಿದ ಮೂಲೆ ಕೆಳಕ್ಕೆ ಕುಸಿಯುತ್ತದೆ. ಆಗ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗುವ ಬಿರುಕು ಕಾಣಿಸಿಕೊಳ್ಳುತ್ತದೆ. ಬಾಗಿಲು ಮಳೆಗಾಲದಲ್ಲಿ ಸಿಕ್ಕಿಕೊಂಡು ಬೇಸಗೆಯಲ್ಲಿ ಸಡಿಲಾಗುವುದೂ ಇದರ ಲಕ್ಷಣವೇ. ಇಂತಹ ಬಿರುಕಿಗೆ ಗಿಲಾವು ಹಾಕಿಸುವುದು ವ್ಯರ್ಥವಾದ ವೆಚ್ಚ. ಮುಂದಿನ ವರ್ಷ ಅದೇ ಸ್ಥಳದಲ್ಲಿ ಮತ್ತೆ ಬಿಡುತ್ತದೆ. ಎರೆಯನ್ನು ದಾಟಿ ಗಟ್ಟಿ ಗರಸು ಸಿಕ್ಕುವವರೆಗೆ ಪಾಯ ತೆಗೆದು ಕಟ್ಟಿದ ಮನೆಗೆ ಈ ಭಯ ಕಡಿಮೆ. ಆದರೆ ಎರೆಯು ಆಳವಾಗಿರುವ ಕಡೆಗಳಲ್ಲಿ ಅಷ್ಟು ಆಳಕ್ಕೆ ಹೋಗುವ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ಮಣ್ಣಿನ ಹಸಿಯಲ್ಲಿ ಈ ಏರುಪೇರನ್ನು ತರುವ ಕಾರಣಗಳಲ್ಲಿ ತೋಟಕ್ಕೆ ಸಂಬಂಧಪಟ್ಟವು ಮುಖ್ಯವಾಗಿ ಎರಡು. ಗೋಡೆಗೆ ತಾಗಿ ಮಾಡಿದ ಹೂವಿನ ಮಡಿಗೆ ದಿನವೂ ಹಾಕುವ ನೀರು ಒಂದು. ಗೋಡೆಯ ಸಮೀಪದ ದೊಡ್ಡ ಮರದ ಬೇರು ಪಾಯದ ಕೆಳಗಿನ ಹಸಿಯನ್ನು ಹೀರುವುದು ಇನ್ನೊಂದು. ಈ ಎರಡನೆಯದು ನಮ್ಮ ಸೀಮೆಗೆ ಮಾತ್ರ ಸೇರಿದ ತೊಂದರೆಯಲ್ಲ. ಇಂಗ್ಲೆಂಡಿನಲ್ಲಿ ೧೯೭೬ರ ಬೇಸಗೆಯು ಅಪೂರ್ವವಾಗಿ ಒಣಗಿ ಹೋದಾಗ, ಲಂಡನ್ ಸೀಮೆಯ ಜೇಡಿಮಣ್ಣಿನ ಮೇಲೆ ಮರಗಳ ಹತ್ತಿರ ಕಟ್ಟಿದ್ದ ಎಷ್ಟೋ ಮನೆಗಳು ಕುಸಿದು ಬಿರಿದು, ವಿಮಾ ಸಂಸ್ಥೆಗಳಿಗೆ ಪರಿಹಾರದ ಅರ್ಜಿಗಳು ರಾಶಿಯಾಗಿ ಬಂದುವು. ಮಳೆಯ ದೇಶದಲ್ಲಿ ಅಪರೂಪಕ್ಕೆ ಆದ ಈ ಒಣಗುವಿಕೆ ತಾಂಬಾದಲ್ಲಿ ವರ್ಷವರ್ಷವೂ ಆಗುವಂಥದು.

ಆದಕಾರಣ ಎರೆಭೂಮಿಯಲ್ಲಿ ಅನುಸರಿಸತಕ್ಕ ಸ್ಥೂಲವಾದ ನಿಯಮವೇನೆಂದರೆ, ಯಾವ ಮರವನ್ನಾದರೂ ಅದು ಪೂರ್ಣವಾಗಿ ಬೆಳೆದಾಗ ಎಷ್ಟು ಎತ್ತರವಾಗುವುದೋ ಗೋಡೆಯಿಂದ ಅಷ್ಟು ದೂರದಲ್ಲಿ ನೆಡುವುದು. ಲಿಂಬೆಗೆ ೧೫ ಅಡಿ ಸಾಕು. ಬೇವಿಗೆ ೪೦ ಅಡಿಯಾದರೂ ಬೇಕು. ಆಲ, ಅರಳಿ, ಅತ್ತಿಗಳು ಮನೆಯ ಜಾಗಕ್ಕೆ ಸಲ್ಲವು. ಅವು ಕಟ್ಟೆಗೂ ಕೆರೆಯ ಏರಿಗೂ ಇರಲಿ. ಮನೆ ಕಟ್ಟುವ ಮೊದಲೇ ನಿವೇಶನದಲ್ಲಿದ್ದ ದೊಡ್ಡ ಮರವನ್ನು ಕಡಿದಿದ್ದರೆ, ಅದು ಒಣಗಿಸಿಟ್ಟಿದ್ದ ಮಣ್ಣು ಮುಂದಿನ ಮಳೆಗಳಲ್ಲಿ ನೀರು ಕುಡಿದು ಉಬ್ಬುವುದೆಂಬುದನ್ನೂ ನೆನಪಿಡತಕ್ಕದ್ದು. ಕಡಿದ ವರ್ಷವೇ ಆ ಸ್ಥಳದ ಮೇಲೆ ಪಾಯ ಹಾಕುವುದು ಒಳ್ಳೆಯದಲ್ಲ.

ಊರಿನೊಳಗಿನ ಹಳೆಯ ಜಾಗದಲ್ಲಿ ಮನೆ ಕಟ್ಟಿದವರು ಇನ್ನೊಂದು ವಿಷಯವನ್ನು ಹಿರಿಯರಿಂದ ವಿಚಾರಿಸಿಕೊಳ್ಳಬೇಕು. ಈ ಸೀಮೆಯಲ್ಲಿ ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುವ ವಾಡಿಕೆ ಇತ್ತು. ಬಾಯಿ ಮುಚ್ಚಿಹೋದ ಹಗೇವು ಹಿತ್ತಲಿನಲ್ಲಿ ಎಲ್ಲಿ ಇದೆಯೆಂದು ತಿಳಿಯದೆ ಅದರ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸಿದರೆ ನೆಲವು ಕುಸಿಯುವ ಸಂಭವವುಂಟು. ಸಿಕ್ಕಿದ ಹಗೇವನ್ನು ಗರಸು ಕಲ್ಲುಗಳಿಂದ ಪದರಪದರವಾಗಿ ದಮ್ಮಸು ಮಾಡಿ ತುಂಬಿದ ಮೇಲೆ ಮುಂದುವರಿಯತಕ್ಕದ್ದು.

ಮೊದಲ ವರ್ಷದ ಕೆಲಸ

ಹೊಸ ಮನೆಯ ಹಿತ್ತಲಿಗೆ ಮೊದಲ ವರ್ಷದಲ್ಲಿ ಬೇಕಾದುದು ಸಸಿಗಿಂತ ಹೆಚ್ಚಾಗಿ ಗುದ್ದಲಿ. ಗೋಡೆಯ ಸುತ್ತಲೂ ೪ ಅಡಿ ಅಗಲಕ್ಕೆ ಗರಸು ಹಾಕಿ, ನೀರು ಚಿಮುಕಿಸಿ ದಮ್ಮಸು ಮಾಡಿ, ಮೇಲೆ ಕಡಪಾ ಇಲ್ಲವೆ ಶಹಾಬಾದಿನ ಹಾಸುಗಲ್ಲನ್ನು ಜೋಡಿಸತಕ್ಕದ್ದು. ಕಲ್ಲಿಗೆ ಹಣ ಸಾಲದಿದ್ದರೆ ಗರಸಿನ ಮೇಲೆ ಸೆಗಣಿ ಸಾರಿಸಿದರೂ ಆದೀತು. ಈ ಪಟ್ಟಿಯು ಗೋಡೆಯಿಂದ ಹೊರಕ್ಕೆ ಇಳಿಜಾರಾಗಿ, ೪ ಅಡಿಗೆ ೨ ಇಂಚಿನಷ್ಟು ತಗ್ಗಾಗಿರಬೇಕು. ಇದರ ಮೇಲೆ ಹೂವಿನ ಮಡಿ, ಬಳ್ಳಿ, ಪಾತಿ ಯಾವುದೂ ಕೂಡದು. ಬೇಕಾದವರು ಕುಂಡಗಳನ್ನು ಇಡಬಹುದು. ಮನೆಯ ಅಂದಕ್ಕಾಗಿ ಗೋಡೆಗೆ ತಾಗಿ ಹೂವಿನ ಮಡಿ ಮಾಡುವ ಪದ್ಧತಿಯು ನಗರದ ಬಂಗಲೆಗಳನ್ನು ನೋಡಿ ಬಂದುದು. ಬೆಂಗಳೂರಿನ ಕೆಮ್ಮಣ್ಣು ಇಷ್ಟು ಉಬ್ಬುವುದೂ ಇಲ್ಲ, ಇಷ್ಟು ಕುಗ್ಗುವುದೂ ಇಲ್ಲ. ೧೯೦೮ರಿಂದ ೧೯೩೨ರವರೆಗೆ ಮೈಸೂರು ಸಂಸ್ಥಾನದಲ್ಲಿ ಸೇವೆ ಸಲ್ಲಿಸಿ ಲಾಲಬಾಗನ್ನು ಬೆಳಗಿಸಿದ ಕ್ರುಂಬಿಗೆಲ್ ಮಹಾಶಯರ ಕೈವಾಡವು ಎಷ್ಟು ಮೆಚ್ಚತಕ್ಕದ್ದಾದರೂ, ಅಲ್ಲಿಯ ನಕ್ಷೆಯನ್ನು ಇಂಡಿ ತಾಲ್ಲೂಕಿನ ಎರೆಯ ಮೇಲೆ ಹಾಗೆಯೇ ಇಳಿಸಲಾಗದು.

ಎರಡನೆಯದಾಗಿ ಕಟ್ಟಡದ ಕಸ. ಗಾರೆ ಕಲಸಿದ ಸ್ಥಳದಲ್ಲಿ ನೆಲವು ಬಿಳಿಚಿಕೊಂಡು ಹೆಪ್ಪುಗಟ್ಟಿರುತ್ತದೆ. ಎರೆಮಣ್ಣು ಮೊದಲೇ ಕ್ಷಾರಗುಣದ್ದು. ಸುಣ್ಣ ಸಿಮೆಂಟುಗಳು ಬೆರೆತರೆ ಕಬ್ಬಿಣ, ಸತು ಮೊದಲಾದ ಪೋಷಕಾಂಶಗಳು ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ, ಎಲೆಗಳು ಹಳದಿಯಾಗುತ್ತವೆ. ಅಂತಹ ಸ್ಥಳವನ್ನು ಅರ್ಧ ಅಡಿ ಕೆರೆದು ತೆಗೆದು, ಆ ಕಸವನ್ನು ಕಾಲುದಾರಿಗಳ ಅಡಿಗೆ ಹಾಕಬಹುದು. ಪಾಯದಿಂದ ತೆಗೆದ ಕೆಳಮಣ್ಣಿನಲ್ಲಿ ಸುಣ್ಣದ ಹರಳುಗಳು ಹೇರಳವಾಗಿರುವುದರಿಂದ ಅದನ್ನು ಹಿತ್ತಲಿನ ಮೇಲೆ ಹರಡಬಾರದು. ತಗ್ಗು ತುಂಬಲು ಮಾತ್ರ ಉಪಯೋಗಿಸತಕ್ಕದ್ದು. ಮನೆ ಕಟ್ಟಲು ಇನ್ನೂ ಆರಂಭಿಸದವರು ಮೇಲಿನ ಒಂದಡಿ ಮಣ್ಣನ್ನು ಬೇರೆಯಾಗಿ ಒಂದು ಮೂಲೆಯಲ್ಲಿ ಗುಡ್ಡೆ ಹಾಕಿಸಿಟ್ಟುಕೊಂಡರೆ ಮುಂದೆ ಗಾಡಿಗಟ್ಟಲೆ ಗೊಬ್ಬರದ ವೆಚ್ಚ ಉಳಿಯುತ್ತದೆ.

ಮೂರನೆಯದು ಬೇಲಿ. ಬೇಲಿಯಿಲ್ಲದೆ ಹಾಕಿದ ಸಸಿಯು ಆಡಿಗೆ ಹಾಕಿದ ಮೇವು. ಒಣ ಜಾಲಿಯ ಮುಳ್ಳನ್ನು ಸುತ್ತಲೂ ಹೂಡಿ, ಅದರ ಒಳಮಗ್ಗುಲಿಗೆ ಮದರಂಗಿ ಇಲ್ಲವೆ ಕವಳಿಯನ್ನು ಬೇಲಿಗಿಡವಾಗಿ ಬೆಳೆಸಿದರೆ, ಮುಳ್ಳು ಲಡ್ಡಾಗುವ ಹೊತ್ತಿಗೆ ಹಸಿರುಬೇಲಿ ಮೇಲೆ ಬಂದಿರುತ್ತದೆ. ಕವಳಿಗೆ ಮುಳ್ಳೂ ಉಂಟು, ಉಪ್ಪಿನಕಾಯಿಗೆ ಕಾಯಿಯೂ ಉಂಟು.

ಆಮೇಲೆ ಮುಂಗಾರು ಬಂದಾಗ ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹೊರಹೋಗುತ್ತದೆ ಎಂಬುದನ್ನು ನೋಡಿ ಗೂಟ ಹೊಡೆದು ಗುರುತು ಮಾಡತಕ್ಕದ್ದು. ಒಂದು ಮಳೆಗಾಲ ನೋಡದೆ ಶಾಶ್ವತವಾದ ಮರವನ್ನು ನೆಡದಿರುವುದೇ ವಿವೇಕ. ಹಾಗೆಂದು ಹಿತ್ತಲನ್ನು ಬರಿದಾಗಿಡಬೇಕಾಗಿಲ್ಲ. ಪಡುವಣ ಮತ್ತು ನೈರುತ್ಯದ ಅಂಚಿಗೆ ಎರಡು ಸಾಲು ತೊಗರಿಯನ್ನು ಒತ್ತಾಗಿ ಬಿತ್ತಿದರೆ ಆಶ್ವಯುಜದೊಳಗಾಗಿ ಆಳೆತ್ತರದ ಹಸಿರುಗೋಡೆಯಾಗುತ್ತದೆ. ಅದರ ಬೇರು ಆಳಕ್ಕಿಳಿದು ಬಿಗಿಮಣ್ಣನ್ನು ಸೀಳುತ್ತದೆ, ಎಲೆ ಉದುರಿ ನೆಲ ಸೇರುತ್ತದೆ, ಬೇಳೆ ಮನೆಗೆ ಬರುತ್ತದೆ, ಕಟ್ಟಿಗೆ ಬೇಲಿಗೂ ಸಸಿಯ ನೆರಳಿಗೂ ಒದಗುತ್ತದೆ. ಉಳಿದ ಜಾಗಕ್ಕೆ ಸೆಣಬನ್ನು ಬಿತ್ತಿ ಹೂ ಬಿಡುವ ಹೊತ್ತಿಗೆ ಮಣ್ಣಿನಲ್ಲಿ ಮುಚ್ಚತಕ್ಕದ್ದು. ನೆಡುತೋಪಿನ ಅಂಗಡಿಯಲ್ಲಿ ಬೇಗ ಬೆಳೆಯುವುದೆಂದು ಮಾರುವ ಕೊನೊಕಾರ್ಪಸ್ ಎಂಬ ಪರದೇಶದ ಗಿಡಕ್ಕಿಂತ ಈ ತೊಗರಿಯ ಸಾಲು ಎಷ್ಟೋ ಮೇಲು. ಆ ಗಿಡದ ಬೇರು ನೀರಿನ ಕೊಳವೆಗಳಿಗೂ ಚರಂಡಿಗೂ ನುಗ್ಗುವುದೆಂಬ ದೂರುಗಳ ಮೇಲೆ ಗುಜರಾತ ಸರ್ಕಾರವು ೨೦೨೩ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು.

ನೀರಿನ ಲೆಕ್ಕ

ಈ ಜಿಲ್ಲೆಯಲ್ಲಿ ಬೀಳುವ ಮಳೆ ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರು, ಎಂದರೆ ೨೪ ಇಂಚಿನ ಒಳಗೆ, ಅದೂ ಖಚಿತವಲ್ಲ. ಆಷಾಢ ಶ್ರಾವಣಗಳಲ್ಲಿ ಮೋಡ ಗಾಳಿಗಳು ಹೆಚ್ಚು, ಮಳೆ ಕಡಿಮೆ. ಹುಬ್ಬಿ, ಉತ್ತರಿ, ಹಸ್ತದ ಮಳೆಗಳೇ ಈ ಸೀಮೆಯ ಜೀವ. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಆಗ ಕಲಾದಗಿ ಜಿಲ್ಲೆಯೆನಿಸಿದ್ದ ಈ ಪ್ರದೇಶವು ಅಪಾರವಾಗಿ ನೊಂದಿತು. ಆದಿಲಶಾಹಿ ಅರಸರು ವಿಜಾಪುರದಲ್ಲಿ ೧೬೨೦ರಲ್ಲಿ ತಾಜ ಬಾವಡಿಯನ್ನು ಕಟ್ಟಿಸಿ, ೧೬೫೧ರಲ್ಲಿ ಬೇಗಂ ತಲಾಬಿನಿಂದ ನೆಲದೊಳಗಿನ ಕೊಳವೆಗಳ ಮೂಲಕ ಊರಿಗೆ ನೀರು ತಂದುದು ನೀರಿನ ಬೆಲೆ ಬಲ್ಲವರ ಕೆಲಸ. ಅಷ್ಟು ದೊಡ್ಡ ಸಾಧನಗಳು ಗೃಹಸ್ಥನಿಗೆ ಇಲ್ಲ. ಅವನ ಕೆರೆ ಅವನ ಮಾಳಿಗೆಯೇ.

೩೦ ಅಡಿಗೆ ೪೦ ಅಡಿಯ ಮಾಳಿಗೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ೧೦೦ ಘನ ಅಡಿ, ಎಂದರೆ ಸುಮಾರು ೨,೮೦೦ ಲೀಟರು ನೀರು ದೊರೆಯುತ್ತದೆ. ೧೫ ಲೀಟರಿನ ಕೊಡದಲ್ಲಿ ಅಳೆದರೆ ೧೮೦ಕ್ಕೂ ಮಿಕ್ಕ ಕೊಡಗಳಾಗುತ್ತವೆ. ವರ್ಷದ ಮಳೆಯಲ್ಲಿ ಸೋರಿ ಆರಿ ಹೋದುದನ್ನು ಕಳೆದು ೧೫ ಇಂಚು ಮಾತ್ರ ಕೈಗೆ ಸಿಕ್ಕಿದರೂ ೪೦,೦೦೦ ಲೀಟರಿನ ಮೇಲಾಯಿತು. ಈ ನೀರು ದೋಣಿಗಳಿಂದ ಗೋಡೆಯ ಬುಡಕ್ಕೇ ಬೀಳುತ್ತಿರುವುದೇ ಅನೇಕ ಮನೆಗಳ ಸ್ಥಿತಿ. ಹೀಗೆ ಒಂದೇ ನೀರು ಗೋಡೆಗೆ ವಿಷವೂ ಗಿಡಕ್ಕೆ ನಷ್ಟವೂ ಆಗುತ್ತದೆ. ದೋಣಿಯ ಬಾಯಿಗೆ ಕೊಳವೆ ಜೋಡಿಸಿ ನೀರನ್ನು ತೊಟ್ಟಿಗೆ ತುಂಬಿ, ಮಿಕ್ಕುದನ್ನು ಗೋಡೆಯಿಂದ ಕನಿಷ್ಠ ೧೫ ಅಡಿ ಆಚೆಗೆ, ಮರಗಳ ಸಾಲಿನ ಕಡೆಗೆ ಹರಿಸತಕ್ಕದ್ದು. ಹಿತ್ತಲಿನ ಇಳಿಜಾರಿಗೆ ಅಡ್ಡಲಾಗಿ ಮುಕ್ಕಾಲು ಅಡಿ ಎತ್ತರದ ಒಡ್ಡುಗಳನ್ನು ಕಟ್ಟಿ, ಹೆಚ್ಚಾದ ನೀರು ಹೋಗಲು ಕಲ್ಲು ಹೊದಿಸಿದ ಕೋಡಿ ಬಿಡುವುದು ಅಗತ್ಯ. ಕೋಡಿಯಿಲ್ಲದ ಒಡ್ಡು ಮೊದಲ ದೊಡ್ಡ ಮಳೆಗೇ ಒಡೆಯುತ್ತದೆ. ಈ ವಿಧಾನಗಳು ಹೊಸವಲ್ಲ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ವಿಜಾಪುರದಲ್ಲಿ ೧೯೩೩ರಲ್ಲಿ ಆರಂಭವಾದ ಒಣಬೇಸಾಯದ ಸಂಶೋಧನೆಯು ಹೊಲಗಳಿಗೆ ಒಡ್ಡು, ಆಳವಾದ ಉಳುಮೆ, ಮೇಲ್ಮಣ್ಣು ಕೆದಕುವುದು ಇವುಗಳನ್ನೇ ಹೇಳಿತು. ಹಿತ್ತಲೂ ಒಂದು ಚಿಕ್ಕ ಹೊಲವಷ್ಟೆ.

ಬಚ್ಚಲಿನ ನೀರು ವರ್ಷವಿಡೀ ಬರುವ ಸಂಪತ್ತು. ಐದು ಜನರ ಮನೆಯಲ್ಲಿ ತಲೆಗೆ ೨೦ ಲೀಟರಿನಂತೆ ಸ್ನಾನದಿಂದಲೇ ದಿನಕ್ಕೆ ೧೦೦ ಲೀಟರು ಹೊರಬರುತ್ತದೆ. ಅದನ್ನು ತೆರೆದ ಕಾಲುವೆಯಲ್ಲಿ ಬಿಡದೆ ಕೊಳವೆಯಲ್ಲಿ ಸಾಗಿಸಿ, ಗರಸು ಮರಳು ತುಂಬಿದ ಸಣ್ಣ ಗುಂಡಿಯ ಮೂಲಕ ಬಾಳೆ, ಕಾಬಾಳೆ, ಕೆಸವುಗಳಿಗೆ ಕೊಡಬಹುದು. ಆದರೆ ಸಾಬೂನು ಮತ್ತು ಬಟ್ಟೆ ತೊಳೆಯುವ ಪುಡಿಯಲ್ಲಿರುವ ಸೋಡಿಯಮ್ಮು ಎರೆಮಣ್ಣಿನಲ್ಲಿ ಸೇರುತ್ತ ಹೋದರೆ ಮಣ್ಣು ಅಂಟುಗಟ್ಟಿ ನೀರಿಳಿಯದಂತಾಗುತ್ತದೆ. ಆದ್ದರಿಂದ ಒಂದೇ ಸ್ಥಳಕ್ಕೆ ವರ್ಷಾನುಗಟ್ಟಲೆ ಬಿಡದೆ ಬದಲಾಯಿಸುತ್ತಿರಬೇಕು. ಮಳೆಗಾಲಕ್ಕೆ ಮುಂಚೆ ಆ ನೆಲಕ್ಕೆ ಜಿಪ್ಸಮ್ಮನ್ನು ಬೆರೆಸಿದರೆ ಸೋಡಿಯಮ್ಮು ಮಳೆಯ ನೀರಿನೊಡನೆ ಕೆಳಗಿಳಿದು ಹೋಗುತ್ತದೆ. ಲಿಂಬೆ, ಗುಲಾಬಿಗಳಿಗೆ ಈ ನೀರು ಸಲ್ಲದು. ಕೊಳವೆಬಾವಿಯ ನೀರು ಸವುಳಾಗಿದ್ದರೆ ಅದೂ ಇಂತಹುದೇ. ಸವುಳು ನೀರಿಗಿಂತ ಅರ್ಧದಷ್ಟು ಮಳೆಯ ನೀರೇ ಗಿಡಕ್ಕೆ ಹಿತ.

ಯಾವ ಗಿಡ, ಯಾವ ಕಡೆ

ಉದಾಹರಣೆಗಾಗಿ ಮೂಡಣ ಪಡುವಣ ೯೦ ಅಡಿ, ತೆಂಕಣ ಬಡಗಣ ೬೦ ಅಡಿಯ ನಿವೇಶನವನ್ನೂ, ಅದರಲ್ಲಿ ಮೂಡಣ ಬಾಗಿಲಿನ ೪೦ ಅಡಿಗೆ ೩೦ ಅಡಿಯ ಮನೆಯನ್ನೂ ತೆಗೆದುಕೊಳ್ಳೋಣ. ಮುಂದೆ ೨೦ ಅಡಿ, ಹಿಂದೆ ೩೦ ಅಡಿ, ಎಡಬಲಕ್ಕೆ ೧೫ ಅಡಿ ಬಿಟ್ಟಿದೆ. ತಾಂಬಾ ಸೀಮೆಯಲ್ಲಿ ಮೇ ಜೂನ್ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯನು ನೆತ್ತಿಯ ಮೇಲೆಯೇ ಇರುವುದರಿಂದ ತೆಂಕಣದ ಗೋಡೆಗೆ ಬಿಸಿಲಿನ ಬಾಧೆ ಹೆಚ್ಚಿಲ್ಲ. ಗೋಡೆಯನ್ನು ಕಾಯಿಸುವುದು ಮಧ್ಯಾಹ್ನದ ಮೇಲಿನ ಪಡುವಣ ಬಿಸಿಲು. ರಾತ್ರಿ ಮಲಗುವ ಕೋಣೆಯು ಒಲೆಯಂತಾಗುವುದೂ ಇದರಿಂದಲೇ. ಹೀಗಾಗಿ ನೆರಳಿನ ಗಿಡಗಳಿಗೆ ಪಡುವಣ ಹಿತ್ತಲೇ ತಕ್ಕ ಸ್ಥಾನ.

ಅಲ್ಲಿ ಗೋಡೆಯಿಂದ ೧೮ ಅಡಿ ದೂರದಲ್ಲಿ, ಒಂದಕ್ಕೊಂದು ೧೮ ಅಡಿ ಅಂತರದಲ್ಲಿ ಎರಡು ಲಿಂಬೆ. ಅವುಗಳಾಚೆಗೆ ಗಡಿಯ ಬದಿಗೆ ಎರಡು ಸೀತಾಫಲ, ವಾಯವ್ಯದ ಮೂಲೆಗೆ ಒಂದು ನುಗ್ಗೆ. ಬಚ್ಚಲಿನ ಕೊಳವೆಯ ತುದಿಗೆ ಬಾಳೆ. ನುಗ್ಗೆಯ ಕೊಂಬೆ ಪೆಡಸಾದುದರಿಂದ ಗಾಳಿಗೆ ಮುರಿಯುತ್ತದೆ. ವರ್ಷಕ್ಕೊಮ್ಮೆ ಎದೆಯೆತ್ತರಕ್ಕೆ ಕಡಿದರೆ ಮರವೂ ಗಿಡ್ಡಾಗಿರುತ್ತದೆ, ಕಾಯಿಯೂ ಕೈಗೆ ಸಿಕ್ಕುತ್ತದೆ. ದಾಳಿಂಬೆಯೂ ಪೇರಲವೂ ಎರೆಯಲ್ಲಿ ಬರುತ್ತವೆ, ಆದರೆ ನೀರು ನಿಂತರೆ ಎರಡೂ ಮುನಿಯುತ್ತವೆ. ಮಾವು, ತೆಂಗು, ಹಲಸುಗಳ ಆಸೆಯನ್ನು ಇಂತಹ ನಿವೇಶನದಲ್ಲಿ ಬಿಡುವುದು ಲೇಸು. ಬೇವಿಗೆ ಇಲ್ಲಿ ಜಾಗವಿಲ್ಲ. ಬೇವಿನ ಗಾಳಿ ಬೇಕೆಂಬುವರು ನೆರೆಯವನೊಡನೆ ಕೂಡಿಕೊಂಡು ದಾರಿಯಾಚೆಯ ಸಾರ್ವಜನಿಕ ಸ್ಥಳದಲ್ಲಿ ಪಂಚಾಯಿತಿಯ ಒಪ್ಪಿಗೆಯಿಂದ ಒಂದನ್ನು ಬೆಳೆಸಿದರೆ ಎರಡು ಮೂರು ಮನೆಗಳಿಗೆ ನೆರಳಾಗುತ್ತದೆ. ಕಾಡು ಅತ್ಯಲ್ಪವಾದ ಈ ಜಿಲ್ಲೆಯಲ್ಲಿ ಅದೇನೂ ಹೆಚ್ಚಾಗಲಾರದು.

ಮುಂದಿನ ಅಂಗಳದಲ್ಲಿ ತುಳಸಿಯ ಕಟ್ಟೆ, ಗೋಡೆಯಿಂದ ೧೫ ಅಡಿಗೆ ಪಾರಿಜಾತ, ಬಾಗಿಲಿನ ದಾರಿಯ ಎರಡೂ ಪಕ್ಕ ಮಲ್ಲಿಗೆ, ನಂದಿಬಟ್ಟಲು. ಎಡಬಲದ ಪಟ್ಟಿಗಳಲ್ಲಿ ಗೋಡೆಯಿಂದ ೮ ಅಡಿಗೆ ದಾಸವಾಳ. ಕಾಗದದ ಹೂವಿನ ಬಳ್ಳಿಗೆ ನೀರು ಬಹಳ ಬೇಡ. ಹೊರಬಾಗಿಲಿನ ಕಮಾನಿಗೆ ಅದಕ್ಕಿಂತ ತಕ್ಕುದು ಈ ಸೀಮೆಗೆ ದೊರೆಯದು. ಕಣಗಿಲೆಯು ಬರಕ್ಕೆ ಬಗ್ಗದ ಗಿಡವಾದರೂ ಅದರ ಸರ್ವಾಂಗವೂ ವಿಷವಾದುದರಿಂದ ದನಕರು ಮಕ್ಕಳಿರುವ ಮನೆಗೆ ಬೇಡ. ಹಸಿರು ಹುಲ್ಲಿನ ಹಾಸು ಮಾಡಬೇಕೆಂಬ ಹವ್ಯಾಸ ಈಚೆಗೆ ಕಾಣುತ್ತಿದೆ. ಬೇಸಗೆಯಲ್ಲಿ ಅದನ್ನು ಹಸಿರಾಗಿಡುವ ನೀರಿನಿಂದ ಹತ್ತಾರು ಹಣ್ಣಿನ ಗಿಡಗಳನ್ನು ಉಳಿಸಬಹುದು. ಗರಸು ಹಾಕಿ ಸೆಗಣಿ ಸಾರಿಸಿ ರಂಗೋಲಿ ಹಾಕಿದ ಅಂಗಳಕ್ಕೆ ಕಡಿಮೆಯೇನು?

ನೆಡುವ ಕ್ರಮ

ಗುಂಡಿಗಳನ್ನು ಚೈತ್ರದಲ್ಲಿಯೇ ೩ ಅಡಿ ಚೌಕ, ೩ ಅಡಿ ಆಳಕ್ಕೆ ತೋಡಿ ಬಿಸಿಲಿಗೆ ಬಿಡತಕ್ಕದ್ದು. ತುಂಬುವಾಗ ಒಂದು ಎಚ್ಚರ ಬೇಕು. ಗುಂಡಿಯನ್ನು ಬರಿಯ ಮರಳು ಕೆಮ್ಮಣ್ಣುಗಳಿಂದ ತುಂಬಿದರೆ, ಸುತ್ತಲಿನ ಎರೆಯು ಮಡಕೆಯ ಗೋಡೆಯಂತೆ ನಿಂತು, ಹಸ್ತದ ಮಳೆಯಲ್ಲಿ ಗುಂಡಿಯು ನೀರು ತುಂಬಿದ ಪಾತ್ರೆಯಾಗುತ್ತದೆ. ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಬೇಸಗೆಯಲ್ಲಿ ಒಣಗಿ ಸತ್ತಿತೆಂದು ಜನರು ತಿಳಿಯುವ ಎಷ್ಟೋ ಸಸಿಗಳ ಬೇರು ಮಳೆಗಾಲದಲ್ಲಿಯೇ ಕೊಳೆತಿರುತ್ತದೆ. ಆದ್ದರಿಂದ ತೆಗೆದ ಮೇಲ್ಮಣ್ಣಿಗೇ ಎರಡು ಬುಟ್ಟಿ ಕಳಿತ ತಿಪ್ಪೆಗೊಬ್ಬರವನ್ನೂ, ಒಂದು ಹಿಡಿ ಬೇವಿನ ಹಿಂಡಿಯನ್ನೂ ಬೆರೆಸಿ ತುಂಬಿ, ನೆಲಮಟ್ಟಕ್ಕಿಂತ ಅರ್ಧ ಅಡಿ ದಿಬ್ಬವಾಗಿ ಮಾಡಿ, ದಿಬ್ಬದ ನೆತ್ತಿಯಲ್ಲಿ ಸಸಿಯನ್ನು ನೆಡತಕ್ಕದ್ದು. ಕಳಿಯದ ಗೊಬ್ಬರವು ಗೆದ್ದಲನ್ನು ಕರೆಯುತ್ತದೆ.

ಬಾವಿಯ ಅನುಕೂಲವುಳ್ಳವರು ಮೃಗಶಿರೆಯ ಹದಮಳೆಯಾದ ಕೂಡಲೆ ನೆಡಬಹುದು. ನೀರು ಹೊತ್ತು ತರಬೇಕಾದವರು ಹುಬ್ಬಿಯ ಮಳೆಯವರೆಗೂ ಕಾಯುವುದು ಮೇಲು; ಆಷಾಢದ ಒಣಗಾಳಿಯನ್ನು ಆಗ ತಪ್ಪಿಸಿದಂತಾಗುತ್ತದೆ. ಸಸಿಯು ಒಂದೂವರೆ ಅಡಿಯದಾದರೆ ಸಾಕು. ಚೀಲದಲ್ಲಿ ಎರಡು ವರ್ಷ ನಿಂತು ಬೇರು ಸುರುಳಿ ಸುತ್ತಿದ ಆಳೆತ್ತರದ ಸಸಿಯು ನೋಡಲು ಚೆನ್ನ, ಎರೆಯಲ್ಲಿ ಬೇರೂರಲು ಹಿಂದು.

ಸಸಿಯ ಪಕ್ಕಕ್ಕೆ, ಬುಡದಿಂದ ಒಂದಡಿಗೆ, ಗಿಲಾಯಿ ಇಲ್ಲದ ಸಾದಾ ಮಣ್ಣಿನ ಗಡಿಗೆಯೊಂದನ್ನು ಕುತ್ತಿಗೆಯವರೆಗೆ ಹುಗಿದು, ವಾರಕ್ಕೆ ಎರಡು ಬಾರಿ ತುಂಬಿ ಮುಚ್ಚಳ ಮುಚ್ಚಿದರೆ ನೀರು ಜಿನುಗಿ ಬೇರಿಗೇ ಮುಟ್ಟುತ್ತದೆ. ನೆಲದ ಮೇಲೆ ಜೋಳದ ಕಣಿಕೆಯ ಚೂರು, ತೊಗರಿಯ ಹೊಟ್ಟು, ಉದುರಿದ ಎಲೆ ಯಾವುದನ್ನಾದರೂ ನಾಲ್ಕು ಬೆರಳು ದಪ್ಪ ಹೊದಿಸತಕ್ಕದ್ದು, ಬುಡಕ್ಕೆ ತಾಗಿಸಬಾರದು. ಹೊದಿಕೆಯಿಲ್ಲದ ಕಡೆ ಬಿರುಕು ಕಾಣಿಸಿದ ಕೂಡಲೆ ಕುರ್ಚಿಗೆಯಿಂದ ಮೇಲ್ಮಣ್ಣನ್ನು ಕೆದಕಿ ಮುಚ್ಚಬೇಕು. ಹೊಲದಲ್ಲಿ ಎಡೆಕುಂಟಿ ಹೊಡೆಯುವುದೂ ಇದೇ ಉದ್ದೇಶಕ್ಕೆ. ಬಿರುಕನ್ನು ಹಾಗೆಯೇ ಬಿಟ್ಟರೆ ಹಸಿಯು ಆಳದಿಂದ ಆರಿಹೋಗುವುದಲ್ಲದೆ ಎಳೆಯ ಬೇರುಗಳು ಹರಿಯುತ್ತವೆ.

ಲಿಂಬೆಯ ವಿಷಯವಾಗಿ ಎರಡು ಮಾತು ಹೆಚ್ಚಾಗಿ ಹೇಳುವುದು ಅಪ್ರಕೃತವಲ್ಲ. ಏಕೆಂದರೆ ಇಂಡಿ ತಾಲ್ಲೂಕು ಕಾಗದಿ ಲಿಂಬೆಗೆ ಹೆಸರಾದುದು, ಮನೆಗೆರಡು ಗಿಡವಾದರೂ ಇರಬೇಕೆಂಬುದು ಇಲ್ಲಿಯವರ ಅಭಿಮಾನ. ಲಿಂಬೆಯ ಕಾಂಡಕ್ಕೆ ನೀರು ತಾಗಕೂಡದು. ಬುಡದ ಸುತ್ತ ಮಣ್ಣೇರಿಸಿ, ಅದರ ಹೊರಗೆ ಬಳೆಯಾಕಾರದ ಪಾತಿ ಮಾಡಿ, ನೀರನ್ನು ಆ ಬಳೆಯಲ್ಲಿಯೇ ನಿಲ್ಲಿಸತಕ್ಕದ್ದು. ಹೀಗೆ ಮಾಡದಿದ್ದಲ್ಲಿ ತೊಗಟೆಯು ಬಿರಿದು ಅಂಟು ಸುರಿದು ಗಿಡವು ಮೆಲ್ಲನೆ ಸಾಯುತ್ತದೆ. ಗಿಡವು ಬೆಳೆದಂತೆ ಬಳೆಯನ್ನು ಹೊರಕ್ಕೆ ಸರಿಸುತ್ತ ಹೋಗಬೇಕು. ಹೊಸ ಎಲೆಗಳ ನರಗಳು ಹಸಿರಾಗಿದ್ದು ನಡುವೆ ಹಳದಿಯಾದರೆ ಬಹುಮಟ್ಟಿಗೆ ಸತು ಅಥವಾ ಕಬ್ಬಿಣದ ಕೊರತೆಯೇ ಕಾರಣ. ೧೦ ಲೀಟರು ನೀರಿಗೆ ೫೦ ಗ್ರಾಂ ಸತುವಿನ ಸಲ್ಫೇಟನ್ನೂ ೨೫ ಗ್ರಾಂ ಸುಣ್ಣವನ್ನೂ ಬೇರೆಬೇರೆಯಾಗಿ ಕರಗಿಸಿ ಕೂಡಿಸಿ, ಸೋಸಿ, ಚಿಗುರು ಬಲಿಯುವ ಮೊದಲು ಎಲೆಗೆ ಸಿಂಪಡಿಸಬಹುದು. ಆದರೆ ಔಷಧಕ್ಕೆ ಮೊದಲು ಬುಡದಲ್ಲಿ ನೀರು ನಿಲ್ಲುತ್ತದೆಯೇ ಎಂದು ನೋಡತಕ್ಕದ್ದು. ನೀರು ನಿಂತ ನೆಲದಲ್ಲಿ ಎಷ್ಟು ಸಿಂಪಡಿಸಿದರೂ ಎಲೆ ಹಸಿರಾಗದು.

ಕಾಯಿಪಲ್ಯವನ್ನು ಬೆಳೆಯುವವರು ಹಿತ್ತಲಿನ ಮರಗಳ ನಡುವೆ ಒಂದಡಿ ಏರಿದ ಮಡಿಗಳನ್ನು ಮಾಡಿ, ಹುಬ್ಬಿಯ ಮಳೆಯ ಮೇಲೆ ಮೆಂತ್ಯೆ, ರಾಜಗಿರಿ, ಪುಂಡಿಗಳನ್ನೂ, ಬೇಲಿಗೆ ಹೀರೆಯನ್ನೂ ಹಾಕಬಹುದು. ಮರಗಳು ನೆರಳು ಕಟ್ಟುವವರೆಗೆ ಮೂರು ನಾಲ್ಕು ವರ್ಷ ಇದರಿಂದ ಮನೆಯ ಪಲ್ಯದ ಖರ್ಚು ಉಳಿಯುತ್ತದೆ.

ಮೊದಲ ಎರಡು ಬೇಸಗೆಗಳಲ್ಲಿ ಸಸಿಯ ಪಡುವಣ ಮಗ್ಗುಲಿಗೆ ತೊಗರಿಕಟ್ಟಿಗೆಯ ತಟ್ಟಿಯನ್ನು ನಿಲ್ಲಿಸಿ, ಮೃಗಶಿರೆಯಲ್ಲಿ ತೆಗೆಯಬೇಕು. ಮೂರನೆಯ ವರ್ಷದಿಂದ ಸೀತಾಫಲಕ್ಕೂ ನುಗ್ಗೆಗೂ ಕೈನೀರನ್ನು ಕ್ರಮವಾಗಿ ಕಡಿಮೆ ಮಾಡುತ್ತ ಬಂದು ನಿಲ್ಲಿಸಬಹುದು. ಲಿಂಬೆಗೂ ಬಾಳೆಗೂ ನಿಲ್ಲಿಸಲಾಗದು. ಪ್ರತಿ ವರ್ಷ ಹುಬ್ಬಿಯ ಮಳೆಗೆ ಮುಂಚೆ ಗೋಡೆಯ ಸುತ್ತಲಿನ ಗರಸಿನ ಪಟ್ಟಿಯನ್ನು ಒಮ್ಮೆ ಸುತ್ತಿ ನೋಡಿ, ಎಲ್ಲಿ ತಗ್ಗಾಗಿದೆಯೋ ಅಲ್ಲಿ ಗರಸು ತುಂಬಿಸಿ, ದೋಣಿಯ ಕೊಳವೆಯಲ್ಲಿ ಸೇರಿದ ಎಲೆಕಸವನ್ನು ತೆಗೆಸತಕ್ಕದ್ದು.